ಹಿಮಸರೋವರಗಳನ್ನು ಓದಲು ಕಲಿಸಿದ ಒಂದು ಭಾನುವಾರ

ಮಂಗಳೂರಿನ ಹಂಪನಕಟ್ಟೆಯ ತರಬೇತಿ ಕೇಂದ್ರವೊಂದರ ಉಪಗ್ರಹ ಚಿತ್ರಗಳ ಕಾರ್ಯಾಗಾರಕ್ಕೆ ಕೊಟ್ಟ ಶುಲ್ಕ ವ್ಯರ್ಥವಾಗಲಿಲ್ಲ. ಸಿಕ್ಕಿಂನ ದಕ್ಷಿಣ ಲ್ಹೊನಾಕ್ ಸರೋವರದ ಬೇರೆ ಬೇರೆ ವರ್ಷಗಳ ಚಿತ್ರಗಳನ್ನು ಒಂದರ ಮೇಲೊಂದಿರಿಸಿ, ನೀರಿನ ಅಂಚನ್ನು ಮೌಸಿನಿಂದ ನಾವೇ ಗುರುತಿಸುತ್ತ ಹೋದಾಗ, ಹಿಮನದಿ ಹಿಂದೆ ಸರಿದಷ್ಟೂ ಸರೋವರ ಉದ್ದವಾಗುತ್ತ ಬಂದದ್ದು ಕಣ್ಣಿಗೇ ಕಂಡಿತು. 2023ರ ಅಕ್ಟೋಬರ್ 3ರ ರಾತ್ರಿ ಪಕ್ಕದ ಇಳಿಜಾರಿನ ಮಣ್ಣುಕಲ್ಲು ಸರೋವರಕ್ಕೆ ಕುಸಿದು, ಎದ್ದ ಅಲೆ ಸಡಿಲ ದಂಡೆಯನ್ನು ಕೊರೆದು, ತೀಸ್ತಾ ಕಣಿವೆಗೆ ನುಗ್ಗಿದ ಪ್ರವಾಹ ಚುಂಗ್‌ಥಾಂಗ್‌ನ ಅಣೆಕಟ್ಟನ್ನೇ ಕೊಚ್ಚಿಕೊಂಡು ಹೋದ ಬಗೆಯನ್ನು ಬೋಧಕರು ಅವಸರವಿಲ್ಲದೆ ಬಿಡಿಸಿ ಹೇಳಿದರು. ಮೋಡ ಕವಿದಾಗ, ಮೋಡದ ಮೂಲಕವೂ ನೆಲವನ್ನು ಕಾಣಬಲ್ಲ ಸೆಂಟಿನೆಲ್-1 ಉಪಗ್ರಹದ ರೇಡಾರ್ ಚಿತ್ರಗಳೇ ಗತಿ ಎಂಬುದು ತುಳುನಾಡಿನ ಆಟಿ ತಿಂಗಳ ಮಳೆ ಕಂಡ ನಮಗೆ ಬೇಗ ಅರ್ಥವಾಯಿತು. ಆದರೆ ಕಣಿವೆಯ ಜನರಿಗೆ ಮುನ್ನೆಚ್ಚರಿಕೆ ತಲುಪಿಸುವ ವಿಷಯಕ್ಕೆ ಹತ್ತೇ ನಿಮಿಷ ಉಳಿದಿತ್ತು. ನೀರುದೋಸೆಯೂ ತಣ್ಣಗಾಗಿತ್ತು.