ಮಾಸಿದ ರೆಕ್ಸಿನ್ ಸೀಟು: ಸ್ಪ್ರೇ ಡಬ್ಬಿಯೋ, ನೀರಿನ ಬಣ್ಣವೋ, ಹೊಸ ಹೊದಿಕೆಯೋ?

ಹಳೆಯ ಪ್ರೀಮಿಯರ್ ಪದ್ಮಿನಿ ಕಾರಿನ ಸೀಟನ್ನು ಬಿಚ್ಚಿ ಬೋರಲು ಹಾಕಿದರೆ, ಹೊದಿಕೆಯ ಅಂಚನ್ನು ಒಳಕ್ಕೆ ಮಡಚಿ ಚೌಕಟ್ಟಿಗೆ ಬಿಗಿದ ಕಡೆ ಎರಡು ಬೆರಳಗಲದ ಪಟ್ಟಿ ಸಿಗುತ್ತದೆ. ಬಿಸಿಲು ಮುಟ್ಟದ ಆ ಪಟ್ಟಿಯದೇ ಕಾರ್ಖಾನೆಯ ಅಸಲಿ ಬಣ್ಣ. ಮೇಲ್ಭಾಗ ಇಟ್ಟಿಗೆಪುಡಿಯ ಬಣ್ಣಕ್ಕೆ ಬಂದಿದ್ದರೂ ಇಲ್ಲಿ ಮರೂನ್ ಇನ್ನೂ ಗಾಢವಾಗಿಯೇ ಇರುತ್ತದೆ. ಬಣ್ಣ ಹೊಂದಿಸಲು ಹೋಗುವ ಮುಂಚೆ ಇಲ್ಲಿಂದ ಒಂದು ರೂಪಾಯಿ ನಾಣ್ಯದಷ್ಟು ತುಂಡು ಕತ್ತರಿಸಿ ಇಟ್ಟುಕೊಳ್ಳಿ. ಫೋಟೊ ನೋಡಿ ಬಣ್ಣ ಹೊಂದಿಸಲು ಹೋದರೆ ಕೆಡುತ್ತದೆ.

ರೆಕ್ಸಿನ್ ಎಂದರೆ ಬಟ್ಟೆಯ ಮೇಲೆ ಹರಡಿದ ಪಿವಿಸಿ ಪ್ಲಾಸ್ಟಿಕ್, ಅಂದರೆ ವಿನೈಲ್. ಚರ್ಮದ ಹಾಗೆ ಅದು ಬಣ್ಣ ಕುಡಿಯುವುದಿಲ್ಲ. ‘ವಿನೈಲ್ ಡೈ’ ಎಂದು ಮಾರುವುದೆಲ್ಲ ಮೇಲೆ ಕೂರುವ ತೆಳು ಪೊರೆಯೇ. ಪಿವಿಸಿಯನ್ನು ಮೆತ್ತಗಿಡುವ ಪ್ಲಾಸ್ಟಿಸೈಜರ್ ಬಿಸಿಲು, ಕಾವಿಗೆ ವರ್ಷಗಳಲ್ಲಿ ಹೊರಗೆ ಬಂದುಬಿಡುತ್ತದೆ. ಅದನ್ನು ಯಾವ ಬಣ್ಣವೂ ಮರಳಿ ತುಂಬಲಾರದು. ಹಾಗಾಗಿ ಮೊದಲ ಪರೀಕ್ಷೆ ಹೆಬ್ಬೆರಳಿನದು. ಕೂರುವ ಭಾಗದಲ್ಲಿ ರೆಕ್ಸಿನ್ ಅನ್ನು ಚಿವುಟಿ ಮಡಚಿ. ಬಿಟ್ಟಾಗ ಮಡಿಕೆ ಮಾಯವಾದರೆ ಬಣ್ಣಕ್ಕೆ ಯೋಗ್ಯ. ಬಿಳಿ ಗೆರೆ ಉಳಿದರೆ ಅನುಮಾನ. ‘ಚಟ್’ ಎಂದು ಬಿರಿದರೆ ಬಣ್ಣದ ಖರ್ಚು ದಂಡ, ಕುಶನ್ ಅಂಗಡಿಯೇ ಗತಿ. ಹೊಲಿಗೆಯನ್ನೂ ಎರಡೂ ಕಡೆಯಿಂದ ಎಳೆದು ನೋಡಿ. ದಾರ ಪುಡಿಯಾಗಿದ್ದರೂ ಉತ್ತರ ಅದೇ.

ಬಣ್ಣಗಳ ಹೋಲಿಕೆಗೆ ಬಳಸಿದ್ದು ಕಾಲಂ ಗೇರಿನ (ಸ್ಟೀರಿಂಗ್ ಕಂಬಕ್ಕೇ ಗೇರು ಕೋಲು ಇರುವ) ಪದ್ಮಿನಿಯ ಮುಂದಿನ ಬೆಂಚ್ ಸೀಟು. ಉದ್ದಕ್ಕೆ ಒಂದೇ ಸೀಟು ಇರುವುದರಿಂದ ಮಾಸ್ಕಿಂಗ್ ಟೇಪ್ ಎಳೆದು ಭಾಗ ಮಾಡಿ, ಅಕ್ಕಪಕ್ಕ ಬೇರೆ ಬೇರೆ ಬಣ್ಣ ಹಾಕಿ ನೋಡಬಹುದು.

ಎರಡು ದಾರಿಗಳನ್ನು ಬೇಗ ಹೇಳಿ ಮುಗಿಸಬಹುದು. ಡ್ಯಾಶ್‌ಬೋರ್ಡ್ ಹೊಳಪಿನ ಸಿಲಿಕೋನ್ ದ್ರವ ವಾರ ಹತ್ತು ದಿನ ಬಣ್ಣ ಗಾಢವಾದಂತೆ ತೋರಿಸಿ, ಆಮೇಲೆ ಧೂಳು ಹಿಡಿಯುತ್ತದೆ. ಅದಕ್ಕಿಂತ ದೊಡ್ಡ ತೊಂದರೆ, ಒಮ್ಮೆ ಹಚ್ಚಿದರೆ ಮುಂದೆ ಬಣ್ಣ ಹೊಡೆಯುವಾಗ ಅಲ್ಲಲ್ಲಿ ಮೀನಿನ ಕಣ್ಣಿನಂಥ ಗುಂಡಿಗಳು ಏಳುತ್ತವೆ. ಹಾರ್ಡ್‌ವೇರ್ ಅಂಗಡಿಯ ಮಾಮೂಲಿ ಸ್ಪ್ರೇ ಪೇಂಟ್ ತಗಡಿಗೆ ಮಾಡಿದ್ದು. ಬಾಗುವ ಗುಣ ಅದಕ್ಕಿಲ್ಲ. ಕೂತು ಎದ್ದ ಕಡೆಯೆಲ್ಲ ಕೆರೆಯ ಒಣ ಮಣ್ಣಿನಂತೆ ಬಿರುಕು ಬಿಡುತ್ತದೆ. ಎರಡನ್ನೂ ಮುಟ್ಟಬೇಡಿ.

ನಿಜವಾದ ಪೈಪೋಟಿ ಇರುವುದು ಸಾಲ್ವೆಂಟ್ (ದ್ರಾವಕ) ಆಧಾರಿತ ವಿನೈಲ್ ಸ್ಪ್ರೇ ಮತ್ತು ಕ್ರಾಸ್‌ಲಿಂಕರ್ (ಬಣ್ಣದ ಪೊರೆಯನ್ನು ಒಳಗೇ ಹೆಣೆದು ಗಟ್ಟಿಮಾಡುವ ರಾಸಾಯನಿಕ) ಬೆರೆಸಿದ ನೀರು ಆಧಾರಿತ ಪಾಲಿಯುರೆಥೇನ್ ಬಣ್ಣದ ನಡುವೆ. ಎರಡಕ್ಕೂ ಪೂರ್ವತಯಾರಿ ಒಂದೇ, ಮತ್ತು ಕೆಲಸದ ಮುಕ್ಕಾಲು ಪಾಲು ಅದೇ.

ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವ ನಾಲ್ಕು ಹನಿ ಹಾಕಿ, ಮೆತ್ತನೆ ಬ್ರಷ್‌ನಿಂದ ರೆಕ್ಸಿನ್‌ನ ಅಚ್ಚಿನ ಗೀರುಗಳೊಳಗಿನ ಕೊಳೆ ಎಬ್ಬಿಸಬೇಕು. ಬಿಳಿ ಬಟ್ಟೆಗೆ ಕೊಳೆ ಹತ್ತುವುದು ನಿಲ್ಲುವವರೆಗೂ ಒರೆಸಿ. ಪೂರ್ತಿ ಒಣಗಿದ ಮೇಲೆ ಬೂದು ಬಣ್ಣದ ಸ್ಕಾಚ್‌ಬ್ರೈಟ್‌ನಿಂದ ಹಗುರವಾಗಿ ಉಜ್ಜಿ. ಅಡುಗೆಮನೆಯ ಹಸಿರು ಪ್ಯಾಡ್ ಒರಟು, ಅಚ್ಚನ್ನೇ ಗೀರಿಹಾಕುತ್ತದೆ. ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆಯಿಂದ ಒಂದೇ ದಿಕ್ಕಿಗೆ ಬೇಗ ಒರೆಸಿ, ಪ್ರತಿ ಬಾರಿ ಬಟ್ಟೆಯ ಹೊಸ ಮಗ್ಗುಲು ತಿರುಗಿಸಿಕೊಳ್ಳಿ. ಪೇಂಟ್ ಥಿನ್ನರ್ ಮಾತ್ರ ಬೇಡವೇ ಬೇಡ. ಅದು ಪಿವಿಸಿಯ ಮೇಲ್ಮೈಯನ್ನೇ ಕರಗಿಸಿ ಅಂಟಂಟು ಮಾಡುತ್ತದೆ. ಇದಾದ ಮೇಲೆ ಬರಿಗೈಯಲ್ಲಿ ಸೀಟು ಮುಟ್ಟಬಾರದು. ಬೆರಳ ಜಿಡ್ಡಿರುವ ಕಡೆಯೇ ಬಣ್ಣ ಮೊದಲು ಏಳುತ್ತದೆ. ಅದರ ಮೇಲೆ, ಬಣ್ಣ ಕಚ್ಚಿಕೊಳ್ಳಲು ನೆರವಾಗುವ ಅಡ್ಹೀಷನ್ ಪ್ರಮೋಟರ್‌ನ ಒಂದು ತೆಳು ಕೈ.

ವಿನೈಲ್ ಸ್ಪ್ರೇಗೆ ಇರುವ ಬಲ, ಅದರ ಸಾಲ್ವೆಂಟ್ ಪಿವಿಸಿಯನ್ನು ತುಸು ಮೆದುಗೊಳಿಸಿ ಕಚ್ಚಿಕೊಳ್ಳುತ್ತದೆ. ಯಂತ್ರ ಬೇಡ. 20–25 ಸೆಂ.ಮೀ. ದೂರದಿಂದ ಮೂರರಿಂದ ನಾಲ್ಕು ಕೈ, ನಡುವೆ 10–15 ನಿಮಿಷ ಬಿಡುವು. ಮೊದಲ ಕೈ ಧೂಳು ಕೂತಂತೆ ಮಾತ್ರ ಕಾಣಬೇಕು, ಹಳೆಯ ಬಣ್ಣ ಇಣುಕುತ್ತಿರಲಿ. ಒಂದೇ ಸಲ ಮುಚ್ಚಲು ಹೋದರೆ ಅಚ್ಚಿನ ಗೀರುಗಳು ತುಂಬಿ ಸೀಟು ಪ್ಲಾಸ್ಟಿಕ್ ಬಕೆಟ್‌ನ ಹಾಗೆ ನುಣ್ಣಗಾಗುತ್ತದೆ. ಕಾರಿನ ಮುಂದಿನ, ಹಿಂದಿನ ಎರಡೂ ಸೀಟಿಗೆ ನಾಲ್ಕೈದು ಡಬ್ಬಿ ಬೇಕಾಗುತ್ತದೆ. ಡಬ್ಬಿಯ ಬಣ್ಣವನ್ನು ನಮಗೆ ಬೇಕಾದಂತೆ ತಿದ್ದಲು ಆಗದಿರುವುದು ಇದರ ದೊಡ್ಡ ಕೊರತೆ. ಮಳೆಗಾಲ ಇನ್ನೊಂದು ತಾಪತ್ರಯ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಗಳೂರು, ಉಡುಪಿ ಕಡೆ ಹೊಡೆದರೆ ತೇವ ಸಿಕ್ಕಿಕೊಂಡು ಬಣ್ಣದ ಮೇಲೆ ಬಿಳಿ ಮಬ್ಬು ಕಟ್ಟುತ್ತದೆ.

ನೀರಿನ ಬಣ್ಣಕ್ಕೆ ಕಂಪ್ರೆಸರ್, ಒಂದು ಮಿ.ಮೀ. ಒಳಗಿನ ನಾಜಲ್‌ನ ಸಣ್ಣ ಗನ್ ಬೇಕು. ಒತ್ತಡ 25–30 ಪಿಎಸ್‌ಐ. ಎರಡೂ ಸೀಟಿಗೆ ಅರ್ಧ ಲೀಟರ್ ಸಾಕು. ಡಬ್ಬಿಯ ಮೇಲೆ ಬೇರೆ ಅಳತೆ ಹೇಳಿಲ್ಲದಿದ್ದರೆ ಕ್ರಾಸ್‌ಲಿಂಕರ್ ಶೇ. 5, ಅಂದರೆ 100 ಮಿ.ಲೀ.ಗೆ 5 ಮಿ.ಲೀ. ಇದನ್ನು ಕಣ್ಣಳತೆಯಲ್ಲಿ ಹಾಕಬೇಡಿ, ಔಷಧಿ ಸಿರಿಂಜ್ ಬಳಸಿ. ಬೆರೆಸಿದ್ದನ್ನು ಅದೇ ದಿನ ಮುಗಿಸಬೇಕು, ನಾಳೆಗೆ ಇಡಬಾರದು. ಕೈಗವಸು, ರಾಸಾಯನಿಕ ಹಬೆ ತಡೆಯುವ ಮಾಸ್ಕ್ ಕಡ್ಡಾಯ. ಈ ರಾಸಾಯನಿಕ ಚರ್ಮಕ್ಕೂ ಶ್ವಾಸಕೋಶಕ್ಕೂ ಒಳ್ಳೆಯದಲ್ಲ. ಕತ್ತರಿಸಿಟ್ಟ ತುಂಡಿನ ಪಕ್ಕ ಹನಿ ಇಟ್ಟು, ಒಣಗಿಸಿ, ಮತ್ತೆ ತಿದ್ದಿ ಅಸಲಿ ಮರೂನ್‌ಗೇ ತರಬಹುದು ಎಂಬುದು ಇದರ ಗೆಲುವು. ಹೊಳಪನ್ನೂ ಮ್ಯಾಟ್ ಕಡೆಗೆ ಇಳಿಸಬಹುದು. ಹಳೆಯ ರೆಕ್ಸಿನ್ ಎಂದೂ ಕನ್ನಡಿಯಂತೆ ಹೊಳೆಯುತ್ತಿರಲಿಲ್ಲ. ಸೋಲುವುದು ಪೂರ್ವತಯಾರಿ ಕೆಟ್ಟಾಗ: ಆಗ ಹಾಲಿನ ಕೆನೆಯಂತೆ ಹಾಳೆಯಾಗಿಯೇ ಕಿತ್ತು ಬರುತ್ತದೆ.

ಒಣಗಿದ ಮೇಲೆ ಮರೆಯ ಜಾಗದಲ್ಲಿ ಬ್ಲೇಡಿನಿಂದ ಬಣ್ಣದ ಪೊರೆಯಷ್ಟೇ ಕೊಯ್ಯುವಂತೆ ಐದು ಗೆರೆ, ಅಡ್ಡಕ್ಕೆ ಐದು ಗೆರೆ ಎಳೆದು, ಸೆಲ್ಲೋಟೇಪ್ ಒತ್ತಿ ಕಿತ್ತು ನೋಡಿ. ಇಲ್ಲಿ ಎರಡೂ ನಿಂತವು. ವ್ಯತ್ಯಾಸ ಕಂಡಿದ್ದು ಪೈಪಿಂಗ್ ಮೇಲೆ. ಕಾರು ಹತ್ತಿ ಇಳಿಯುವಾಗ ತೊಡೆ ಸವೆಸುವ ಆ ಉಬ್ಬಿದ ಅಂಚಿನಲ್ಲಿ ಸ್ಪ್ರೇ ಬಣ್ಣ ಮೊದಲು ತೆಳುವಾಯಿತು. ಬಾಗಿಲು ಮುಚ್ಚಿ ಬಿಸಿಲಲ್ಲಿ ನಿಲ್ಲಿಸಿದಾಗ ತುಸು ಅಂಟು ಕೂಡ ಬಂತು. ಕ್ರಾಸ್‌ಲಿಂಕರ್ ಹಾಕಿದ ಭಾಗ ಎರಡನ್ನೂ ತಡೆಯಿತು. ಆದ್ದರಿಂದ ಕೂರುವ, ಒರಗುವ ಭಾಗಕ್ಕೆ ನೀರಿನ ಬಣ್ಣ. ಬಾಗದ, ಉಜ್ಜಾಡದ ಬಾಗಿಲ ಪ್ಯಾನೆಲ್, ಸನ್‌ವೈಸರ್‌ಗಳಿಗೆ ವಿನೈಲ್ ಸ್ಪ್ರೇ ಸಾಕು, ಹೊಂದುವ ಬಣ್ಣ ಸಿಕ್ಕರೆ.

ಹೊಸ ಹೊದಿಕೆ ಹಾಕಿಸುವುದಾದರೆ ರೆಕ್ಸಿನ್ ಸಾಮಾನ್ಯವಾಗಿ 54 ಇಂಚು ಪನ್ನದಲ್ಲಿ ಬರುತ್ತದೆ. ಎರಡು ಬೆಂಚ್ ಸೀಟಿಗೆ ನೆರಿಗೆಯ ಲೆಕ್ಕ ಸೇರಿಸಿ ಏಳೆಂಟು ಮೀಟರ್ ಹಿಡಿಯಿರಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬಣ್ಣಗಳಿಗೆ ಬರವಿಲ್ಲ, ಹಳೆಯ ಅಚ್ಚೇ ಸಿಗುವುದು ಕಷ್ಟ. ಬಿಚ್ಚಿದ ಹಳೆಯ ಹೊದಿಕೆಯನ್ನು ಎಸೆಯಲು ಬಿಡಬೇಡಿ. ಹೊಲಿಗೆ ಬಿಚ್ಚಿ ಹರಡಿದರೆ ಅದೇ ಕಟಿಂಗ್‌ಗೆ ಅಳತೆ, ನೆರಿಗೆಗಳ ಅಂತರವೂ ಅದರಲ್ಲೇ ಇರುತ್ತದೆ.

ಬಣ್ಣ ಹೊಡೆದ ಸೀಟಿನ ಮೇಲೆ ಮೂರು ದಿನ ಯಾರೂ ಕೂರಬಾರದು, ಒಂದು ವಾರ ನೀರು ಸೋಕಬಾರದು. ಮೊದಲ ತಿಂಗಳು ಹೊಸ ಜೀನ್ಸ್ ಹಾಕಿ ಕೂರುವವರಿಗೆ ಹತ್ತಿ ಟವೆಲ್ ಹಾಸಿಕೊಡಿ. ಜೀನ್ಸ್‌ನ ನೀಲಿ, ತಿಳಿ ಬಣ್ಣದ ಸೀಟಿಗೆ ಹತ್ತಿದರೆ ಮತ್ತೆ ಬಣ್ಣ ಹೊಡೆದೇ ಮುಚ್ಚಬೇಕು.