ಬ್ಯಾಂಕಾಕ್ ಎಂದು ಹೇಳಿ ಮ್ಯಾನ್ಮಾರಿನ ಮ್ಯಾವಡ್ಡಿಗೆ ಮಾರುತ್ತಾರೆ, ಹುಷಾರು

ವಿದೇಶದ ಕೆಲಸವೆಂದು ಹೇಳಿ ನನ್ನನ್ನು ಮಾರಿದ ಏಜೆಂಟ್ ಮತ್ತೆ ಅಂಗಡಿ ತೆರೆದಿದ್ದಾನೆ. 'ಕಾಂಬೋಡಿಯಾದಲ್ಲಿ ಡೇಟಾ ಎಂಟ್ರಿ, ಊಟ ವಸತಿ ಉಚಿತ' ಎಂದು ವಾಟ್ಸ್‌ಆ್ಯಪ್ ಸ್ಟೇಟಸ್ ಹಾಕಿದ್ದಾನೆ. ನಮ್ಮ ಕಡೆಯ ಹುಡುಗರು ಅದನ್ನು ಗುಂಪುಗಳಲ್ಲಿ ಹಂಚುತ್ತಿದ್ದಾರೆ. ಅದಕ್ಕೇ ಮಾನ ಬಿಟ್ಟು ಬರೆಯುತ್ತಿದ್ದೇನೆ. ಮನೆಯಲ್ಲಿ 'ಆದದ್ದಾಯಿತು, ಸುಮ್ಮನಿರು' ಎನ್ನುತ್ತಾರೆ. ಸುಮ್ಮನಿರಲಾರೆ.

ನನಗೆ ಹೇಳಿದ್ದು ಬ್ಯಾಂಕಾಕಿನ ಕಾಲ್ ಸೆಂಟರ್ ಕೆಲಸ. ಒಂದೂವರೆ ಲಕ್ಷ ಕಮಿಷನ್. ವಿಡಿಯೊ ಸಂದರ್ಶನ, ಮೊಹರು ಒತ್ತಿದ ಆಫರ್ ಲೆಟರ್, ಯಾವುದಕ್ಕೂ ಕೊರತೆಯಿರಲಿಲ್ಲ. ವೀಸಾ ಎಲ್ಲಿ ಎಂದು ಕೇಳಿದೆ. 'ಭಾರತೀಯರಿಗೆ 60 ದಿನ ವೀಸಾ ಬೇಕಾಗಿಯೇ ಇಲ್ಲ ತಮ್ಮಾ. ಕೆಲಸದ ಪರ್ಮಿಟ್ ಕಂಪನಿಯೇ ಮಾಡಿಸುತ್ತದೆ' ಎಂದ. ಅರ್ಧ ನಿಜ. ಆಗಿದ್ದ ಆ ಸೌಲಭ್ಯ ಪ್ರವಾಸಿಗರಿಗೆ, ಅದರಲ್ಲಿ ಹೋಗಿ ನೌಕರಿ ಮಾಡುವಂತಿರಲಿಲ್ಲ. ಇವರ ದಂಧೆಯೆಲ್ಲ ಇಂಥ ಅರ್ಧ ನಿಜಗಳ ಮೇಲೆಯೇ ನಡೆಯುವುದು.

ವಿಮಾನ ನಿಲ್ದಾಣದಲ್ಲಿ ನನ್ನ ಹೆಸರಿನ ಫಲಕ ಹಿಡಿದವನಿದ್ದ. ನಗರದೊಳಗೆ ಹೋಗಬೇಕಾದ ಕಾರು ನಗರ ಬಿಟ್ಟು ಓಡತೊಡಗಿತು. ಮೊಬೈಲ್ ನಕ್ಷೆಯ ನೀಲಿ ಚುಕ್ಕೆ ಮ್ಯಾನ್ಮಾರ್ ಗಡಿಯತ್ತ ಸರಿಯುತ್ತಲೇ ಇತ್ತು. ಏಜೆಂಟನಿಗೆ ಸಂದೇಶ ಕಳಿಸಿದೆ. 'ತರಬೇತಿ ಕೇಂದ್ರ ಊರ ಹೊರಗಿದೆ' ಎಂದು ಉತ್ತರ. ಊರ ಹೊರಗೆ! ಸುಮಾರು 500 ಕಿಲೋಮೀಟರ್ ಊರ ಹೊರಗೆ! ಮತ್ತೆ ಕೇಳಿದ್ದಕ್ಕೆ ಕೈಮುಗಿಯುವ ಚಿತ್ರವೊಂದು ಬಂತು, ಅಷ್ಟೇ.

ಥಾಯ್ಲೆಂಡಿನ ಗಡಿ ಪಟ್ಟಣ ಮೇ ಸೋಟ್ ದಾಟಿ ಕತ್ತಲಲ್ಲಿ ಜೋಳದ ಹೊಲದ ಬದುವಿನ ಮೇಲೆ ನಡೆಸಿದರು. ಮುಂದೆ ಎರಡು ದೇಶಗಳ ಗಡಿಯಾದ ಮೋಯಿ ನದಿ. ತುಂಬಾ ಕಿರಿದು, ಆಚೆ ದಡದ ದೀಪಗಳು ಎದುರಿಗೇ ಕಾಣುತ್ತವೆ. ದೋಣಿಗೆ ಕಾಲಿಡುವಾಗ ಬೆನ್ನ ಹಿಂದೆ ಬಂದೂಕಿನವರು. ಪಾಸ್‌ಪೋರ್ಟಿಗೆ ಯಾರೂ ಮುದ್ರೆ ಒತ್ತಲಿಲ್ಲ. ಆಗ ಹೊಟ್ಟೆಯೊಳಗೆ ಚಳಿ ಹೊಕ್ಕಿತು. ಕಾಗದದ ಪ್ರಕಾರ ನಾನಿನ್ನೂ ಥಾಯ್ಲೆಂಡಿನಲ್ಲೇ ಇದ್ದೇನೆ. ಹುಡುಕುವವರು ಅಲ್ಲಿಯೇ ಹುಡುಕುತ್ತಾರೆ.

ಆಚೆಗಿರುವುದು ಮ್ಯಾನ್ಮಾರಿನ ಮ್ಯಾವಡ್ಡಿ. ಎತ್ತರದ ಗೋಡೆ, ಮುಳ್ಳುತಂತಿ. ಹುಡುಗಿಯ ಫೋಟೊ ಹಾಕಿಕೊಂಡು ಅಮೆರಿಕದವರ ಜೊತೆ ಪ್ರೀತಿಯ ಮಾತಾಡಿ ಕ್ರಿಪ್ಟೊ ಎಂಬ ಡಿಜಿಟಲ್ ಹಣದಲ್ಲಿ ದುಡ್ಡು ಹಾಕಿಸಿ ಮೋಸ ಮಾಡುವುದೇ ಕೆಲಸ. ಗುರಿ ಮುಟ್ಟದಿದ್ದರೆ ಬಿಸಿಲಲ್ಲಿ ಬಸ್ಕಿ, ಎದುರಾಡಿದರೆ ಕರೆಂಟಿನ ಕೋಲು. ಬಿಟ್ಟುಬಿಡಿ ಎಂದರೆ 'ದುಡ್ಡು ಕೊಟ್ಟು ಕೊಂಡಿದ್ದೇವೆ, ಐದು ಸಾವಿರ ಡಾಲರ್ ಕಟ್ಟಿ ಹೋಗು' ಎನ್ನುತ್ತಿದ್ದರು. ಅಣ್ಣ ಏಜೆಂಟನಿಗೆ ಫೋನ್ ಮಾಡಿ ಅತ್ತರೆ ಅವನ ಮಾತು ಕೇಳಿ: 'ನಿಮ್ಮ ಹುಡುಗನಿಗೆ ದುಡಿಯುವ ಮನಸ್ಸಿಲ್ಲ. ಒಪ್ಪಂದ ಮುರಿದರೆ ದಂಡ ಕಟ್ಟಬೇಕಲ್ಲವೇ?'

ಎದುರುತ್ತರ ಕೊಟ್ಟವನೊಬ್ಬನನ್ನು ಬೇರೆ ಕಂಪನಿಗೆ ಮಾರಿಬಿಟ್ಟರು. ನಾನು ತಲೆ ತಗ್ಗಿಸಿಕೊಂಡು, ಇಟ್ಟಷ್ಟು ಉಂಡು ದಿನ ನೂಕಿದೆ. ಕಟ್ಟಡದ ಗುರುತನ್ನು ಹೇಗೋ ಅಣ್ಣನಿಗೆ ಮುಟ್ಟಿಸಿದೆ. ಅವನು ರಾಯಭಾರ ಕಚೇರಿಗೂ ವಿದೇಶಾಂಗ ಸಚಿವಾಲಯದ 'ಮದದ್' ತಾಣಕ್ಕೂ ದೂರು ಕೊಟ್ಟ. 2025ರ ಫೆಬ್ರವರಿಯಲ್ಲಿ ಥಾಯ್ಲೆಂಡ್ ಆ ಕಡೆಗೆ ವಿದ್ಯುತ್ತು, ಇಂಧನ ನಿಲ್ಲಿಸಿದ ಮೇಲೆ ಜನರನ್ನು ಬಿಡತೊಡಗಿದರು. ಮಾರ್ಚಿನಲ್ಲಿ ನಮ್ಮ ವಾಯುಪಡೆಯ ವಿಮಾನ ಮೊದಲು 283 ಮಂದಿಯನ್ನು, ಮರುದಿನ 266 ಮಂದಿಯನ್ನು ಕರೆತಂದಿತು. ಅವರಲ್ಲಿ ನಾನೂ ಒಬ್ಬ.

ಹಣ ವಾಪಸು ಕೇಳಲು ಹೋದರೆ ಏಜೆಂಟ್ ಏನೆಂದ ಗೊತ್ತೇ? 'ನೀನೇ ಒಪ್ಪಿ ಹೋದವನು. ನಾನು ಟಿಕೆಟ್ ಮಾಡಿಸಿಕೊಟ್ಟೆ, ಅಷ್ಟೇ. ಜೀವಂತ ಬಂದೆಯಲ್ಲ, ದೇವರಿಗೊಂದು ಕಾಯಿ ಒಡೆಸು.'

ಏಜೆಂಟನ ನೋಂದಣಿ ಸಂಖ್ಯೆಯನ್ನು ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ನೋಡಿ. ಸೇವಾ ಶುಲ್ಕವೆಂದು 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಒಂದು ಪೈಸೆ ಹೆಚ್ಚು ಕೇಳಿದರೂ ಎದ್ದು ಬನ್ನಿ. ಕಾರು ದಿಕ್ಕು ಬದಲಿಸಿದರೆ ಪೆಟ್ರೋಲ್ ಬಂಕಿನಲ್ಲೋ ಪೊಲೀಸ್ ತಪಾಸಣೆಯಲ್ಲೋ ಇಳಿದು ಕೂಗಾಡಿ, ಸಂಕೋಚ ಬೇಡ. ನದಿ ದಾಟಿದ ಮೇಲೆ ಮಾತ್ರ ಕೂಗಬೇಡಿ, ಹೊಡೆತ ಬೀಳುತ್ತದೆ.

ನನ್ನನ್ನು ಮಾರಿದ ಈ ಏಜೆಂಟನಿಗೆ ಹಣ ಕಳಿಸಿದವರು ಯುಪಿಐ ರಸೀದಿ, ಧ್ವನಿ ಸಂದೇಶ ಯಾವುದನ್ನೂ ಅಳಿಸದೆ ಠಾಣೆಗೆ ಬನ್ನಿ. ನನ್ನದೊಂದೇ ದೂರಾದರೆ 'ಒಪ್ಪಿ ಹೋದವನು' ಎಂದು ಜಾರಿಕೊಳ್ಳುತ್ತಾನೆ. ಇನ್ನೂ ನಾಲ್ಕು ಜನ ಬಂದರೆ ಹೇಗೆ ಜಾರುತ್ತಾನೋ ನೋಡೋಣ.