ಫರ್ಲ್ಡ್ ಲೀಡರ್: ಸಿಹಿನೀರಿಗೆ ಸೈ, ಅಳಿವೆಯಲ್ಲಿ ಜೋಕೆ

ಕೃತಕ ಹುಳದಂಥ ಫ್ಲೈ ಎಸೆದು ಮೀನು ಹಿಡಿಯುವ ಫ್ಲೈ ಫಿಶಿಂಗಿನಲ್ಲಿ, ದಪ್ಪ ಲೈನಿಗೂ ಫ್ಲೈಗೂ ನಡುವೆ ಕಟ್ಟುವ ಸಪೂರ ಕೊಂಡಿಯೇ ಲೀಡರ್; ಅದನ್ನು ಹುರಿ ಹೊಸೆದು ಮಾಡಿದರೆ ಫರ್ಲ್ಡ್ ಲೀಡರ್. ಕತ್ತದ ಹಗ್ಗ ಹೊಸೆಯುವುದನ್ನು ಕಂಡವರಿಗೆ ಇದು ಹೊಸತೇನಲ್ಲ. ಸಪೂರ ದಾರದ ಎರಡು ಕಟ್ಟುಗಳನ್ನು ಬೇರೆಬೇರೆಯಾಗಿ ಒಂದೇ ದಿಕ್ಕಿಗೆ ಹುರಿಗೊಳಿಸಿ, ಆಮೇಲೆ ಜೋಡಿಸಿ ಎದುರು ದಿಕ್ಕಿಗೆ ಸುತ್ತಿಕೊಳ್ಳಲು ಬಿಡುತ್ತಾರೆ. ಹಗ್ಗ ಉದ್ದಕ್ಕೂ ಒಂದೇ ದಪ್ಪ. ಲೀಡರಿನಲ್ಲಿ ಬುಡದಿಂದ ತುದಿಗೆ ಎಳೆ ಕಡಿಮೆಯಾಗುತ್ತ ಹೋಗುತ್ತದೆ. ದಾರದ ಲೀಡರಿನಲ್ಲಿ ಸಾಮಾನ್ಯವಾಗಿ ಬುಡಕ್ಕೆ 20ರ ಆಸುಪಾಸು ಎಳೆ, ತುದಿಗೆ 6ರಿಂದ 8.

ಮೂರು ಮಳೆಗಾಲ ದಾಟಿದ ಎರಡು ಲೀಡರುಗಳ ಬಗ್ಗೆ ಈ ಬರಹ. ಒಂದು, 5 ವೇಟ್ (ಲೈನಿನ ತೂಕದ ಅಳತೆ, ಅಂಕಿ ಹೆಚ್ಚಿದಷ್ಟೂ ಭಾರ) ರಾಡಿಗೆ 6 ಅಡಿಯ ಪಾಲಿಯೆಸ್ಟರ್ ದಾರದ್ದು. ಸೀತಾ, ಸ್ವರ್ಣಾ ನದಿಗಳ ಸಿಹಿನೀರಿನ ಭಾಗಕ್ಕೆ. ಇನ್ನೊಂದು, 8 ವೇಟಿಗೆ ತಂಗೂಸಿನದು, ಅಂದರೆ ನೈಲಾನ್ ಮೋನೊ. ಕೋಡಿ ಬೆಂಗ್ರೆ ಮತ್ತು ಮೂಲ್ಕಿಯ ಅಳಿವೆಗೆ.

ಮೊದಲನೆಯದಕ್ಕೆ ಪೂರ್ತಿ ಅಂಕ. ರೀಲಿನಿಂದ ಎಳೆದ ಕೂಡಲೇ ನೇರ; ಪ್ಯಾಕೆಟಿನ ಮೋನೊ ಲೀಡರಿನಂತೆ ಸುರುಳಿ ನಿಲ್ಲುವುದಿಲ್ಲ, ಕೈಯಲ್ಲಿ ಉಜ್ಜಿ ನೆಟ್ಟಗೆ ಮಾಡುವ ಕೆಲಸವಿಲ್ಲ. ಫ್ಲೈ ಮೆತ್ತಗೆ ನೀರಿಗಿಳಿಯುತ್ತದೆ. ಹುರಿ ಸ್ವಲ್ಪ ಹಿಗ್ಗುವುದರಿಂದ 5ಎಕ್ಸ್ ಟಿಪ್ಪೆಟ್ (ಲೀಡರಿನ ತುದಿಗೂ ಫ್ಲೈಗೂ ನಡುವಿನ ಸಪೂರ ಎಳೆ, 0.15 ಮಿ.ಮೀ.) ಮೀನಿನ ಮೊದಲ ಜಗ್ಗಿಗೆ ಪಟ್ಟನೆ ಹರಿಯುವುದು ಕಡಿಮೆ. 6 ಅಡಿ ಲೀಡರಿಗೆ 3 ಅಡಿ ಟಿಪ್ಪೆಟ್ ಸೇರಿಸಿದರೆ 9 ಅಡಿ ರಾಡಿಗೆ ಸರಿಯಾಗುತ್ತದೆ.

ತೊಂದರೆ ಎಂದರೆ ನೀರು. ದಾರದ ಎಳೆಗಳ ನಡುವೆ ನೀರು ನಿಂತು, ಫಾಲ್ಸ್ ಕಾಸ್ಟ್ (ಲೈನನ್ನು ನೀರಿಗೆ ಬಿಡದೆ ಗಾಳಿಯಲ್ಲೇ ಹಿಂದೆಮುಂದೆ ಬೀಸುವುದು) ಮಾಡಿದಾಗಲೆಲ್ಲ ತುಂತುರು ಉದುರುತ್ತದೆ. ನಿಂತ ಗುಂಡಿಯ ಮೀನು ಅಷ್ಟಕ್ಕೇ ಬೆದರೀತು. ಕೊನೆಯ ಫಾಲ್ಸ್ ಕಾಸ್ಟನ್ನು ಮೀನಿನ ನೆತ್ತಿಯ ಮೇಲೆ ಬಿಡದೆ ಪಕ್ಕಕ್ಕೆ ಬಿಡಬೇಕು. ಹೊರಡುವ ಹಿಂದಿನ ರಾತ್ರಿಯೇ ತೇಲು ಮುಲಾಮನ್ನು ತೆಳ್ಳಗೆ ಸವರಿ, ಬಟ್ಟೆಯಲ್ಲಿ ಒರೆಸಿ ಇಟ್ಟರೆ ಎಳೆಯೊಳಗೆ ಇಳಿಯುತ್ತದೆ; ನದಿ ದಡದಲ್ಲಿ ಒದ್ದೆ ಲೀಡರಿಗೆ ಬಳಿದ ಮುಲಾಮು ದಂಡ. ಪಾಲಿಯೆಸ್ಟರಿನ ಸಾಂದ್ರತೆ ಸುಮಾರು 1.38, ನೈಲಾನಿನದು 1.14. ಎರಡೂ ನೀರಿಗಿಂತ ಭಾರ, ಮುಲಾಮಿಲ್ಲದೆ ಎರಡೂ ಮುಳುಗುತ್ತವೆ. ಫ್ಲೋರೊಕಾರ್ಬನ್ ಎಂಬ ಮತ್ತೊಂದು ಬಗೆಯ ದಾರದ್ದು 1.78. ಅದನ್ನು ತೇಲಿಸುವ ಆಸೆ ಬೇಡ.

ಅಳಿವೆಯ ಕತೆ ಬೇರೆ. ತಂಗೂಸಿನ ಲೀಡರ್ ನೀರು ಹೀರುವುದು ಕಡಿಮೆ, ಬೆಳಗಿನ ತಂಪಿನಲ್ಲಿ ಸಣ್ಣ ಪಾಪರ್ (ನೀರಿನ ಮೇಲೆ ತೇಲುವ ಫ್ಲೈ) ಎಸೆಯಲು ಸುಖ. ಮಧ್ಯಾಹ್ನ ಕಡಲ ಗಾಳಿ ಎದ್ದ ಮೇಲೆ ಸೀಸದ ಕಣ್ಣಿನ ಕ್ಲೌಸರ್ ಎಂಬ ಭಾರದ ಫ್ಲೈ ಕಟ್ಟಿದಿರೋ, ಮೆದು ಲೀಡರ್ ಅದನ್ನು ಹೊತ್ತು ಮಗುಚಲಾರದೆ ರಾಶಿ ಬೀಳುತ್ತದೆ. ಅದಕ್ಕಿಂತ ದೊಡ್ಡ ಸಮಸ್ಯೆ ತುದಿಯ ತಡೆಶಕ್ತಿ. ಟಿಪ್ಪೆಟ್ ಯಾವತ್ತೂ ಲೀಡರಿನ ತುದಿಗಿಂತ ದುರ್ಬಲ ಇರಬೇಕು, ಇಲ್ಲವಾದರೆ ಹರಿಯುವುದು ಲೀಡರ್. ತುದಿ 20 ಪೌಂಡ್ ಇದ್ದರೆ ಟಿಪ್ಪೆಟ್ 15ಕ್ಕೆ ನಿಲ್ಲಬೇಕು. ಕಾಂಡ್ಲಾ (ಮ್ಯಾಂಗ್ರೋವ್) ಬೇರು, ಚಿಪ್ಪು ಅಂಟಿದ ಕಲ್ಲುಗಳ ನಡುವೆ ಕೆಂಬೇರಿಗೋ ಸೀ ಬಾಸಿಗೋ 15 ಪೌಂಡ್ ಏನೇನೂ ಸಾಲದು. ಸೀ ಬಾಸಿನ ಕಿವಿರಿನ ಮುಚ್ಚಳದ ಅಂಚೇ ಸಾಕು ಕುಯ್ಯಲು. ಅಲ್ಲಿಗೆ 40, 30, 20 ಪೌಂಡಿನ ಮೋನೊ ತುಂಡುಗಳನ್ನು ಗಂಟು ಹಾಕಿ ಮಾಡಿದ 9 ಅಡಿ ಲೀಡರ್, ಕೊನೆಗೆ ಉಜ್ಜಾಟ ತಡೆಯಲು ಒಂದು ಗೇಣು 40 ಪೌಂಡ್ ಫ್ಲೋರೊಕಾರ್ಬನ್. ನೋಡಲು ಒರಟು, ಆದರೆ ಕಲ್ಲಿಗೆ ಉಜ್ಜಿದರೆ ಆ ತುಂಡಷ್ಟೇ ಬದಲಿಸಿದರಾಯಿತು. ಹುರಿಯ ಲೀಡರಿನಲ್ಲಿ ಒಂದು ಎಳೆ ಕಡಿದರೂ ಪೂರ್ತಿ ಹೋದಂತೆಯೇ.

ಹುಕ್ ಎಲ್ಲಾದರೂ ಸಿಕ್ಕಿಕೊಂಡಾಗ ರಾಡ್ ಬಗ್ಗಿಸಿ ಜಗ್ಗಬೇಡಿ. ಹುರಿ ರಬ್ಬರಿನಂತೆ ಹಿಗ್ಗಿ, ಬಿಟ್ಟ ಕ್ಷಣ ಫ್ಲೈ ಸಮೇತ ನಿಮ್ಮ ಮುಖದತ್ತಲೇ ಹಾರುತ್ತದೆ; ಕನ್ನಡಕ ಹಾಕಿಕೊಂಡಿರಿ. ರಾಡನ್ನು ಸಿಕ್ಕಿದ ಕಡೆಗೇ ನೇರ ಮಾಡಿ, ಮುಖ ತಿರುಗಿಸಿ, ಲೈನನ್ನು ಕೈಯಿಂದ ನಿಧಾನ ಎಳೆಯಿರಿ. ಆದರೂ ಲೀಡರ್ ಮುದ್ದೆಯಾದರೆ ತುದಿ ಎಳೆದು ಬಿಗಿ ಮಾಡಬೇಡಿ: ಟಿಪ್ಪೆಟ್ ಕತ್ತರಿಸಿ, ಮುದ್ದೆಯನ್ನು ಒದ್ದೆ ಮಾಡಿ, ಸೂಜಿಯಿಂದ ಸಡಿಲಿಸಿ. ದೊಡ್ಡ ರೆಕ್ಕೆಯ ಫ್ಲೈ ಗಿರಗಿರ ತಿರುಗಿ ಹುರಿ ಕೆಡಿಸಿದ್ದರೆ, ಫ್ಲೈ ತೆಗೆದು ತುದಿಗೆ ಸಣ್ಣ ಭಾರ ಕಟ್ಟಿ ತೂಗುಹಾಕಿ. ಹೆಚ್ಚಿನ ತಿರುವು ತಾನೇ ಬಿಟ್ಟುಕೊಳ್ಳುತ್ತದೆ.

ಲೈನಿಗೆ ಜೋಡಿಸುವಾಗ ಎರಡು ಕುಣಿಕೆಗಳು ಕೈ ಕುಲುಕಿದ ಹಾಗೆ ಚೌಕವಾಗಿ ಕೂರಬೇಕು. ಒಂದು ಕುಣಿಕೆ ಇನ್ನೊಂದರ ಕುತ್ತಿಗೆ ಹಿಸುಕುವಂತೆ ಕೂತರೆ ಸಪೂರ ದಾರ ಲೈನಿನ ಪ್ಲಾಸ್ಟಿಕ್ ಹೊದಿಕೆಯನ್ನು ಕೊರೆದುಬಿಡುತ್ತದೆ. ತುದಿಗೆ 2 ಮಿ.ಮೀ. ಟಿಪ್ಪೆಟ್ ರಿಂಗ್ ಇರುವುದನ್ನೇ ಆರಿಸಿ. ಟಿಪ್ಪೆಟ್ ಎಷ್ಟು ಸಲ ಬದಲಿಸಿದರೂ ಲೀಡರ್ ಗಿಡ್ಡವಾಗುವುದಿಲ್ಲ.

ಬಾಳಿಕೆ ನಿಂತಿರುವುದು ತೊಳೆಯುವುದರಲ್ಲಿ. ಉಪ್ಪುನೀರು ಒಣಗಿದರೆ ಎಳೆಗಳ ನಡುವಿನ ಹರಳುಗಳು ಒಳಗೊಳಗೇ ಉಜ್ಜುತ್ತವೆ. ಅರ್ಧ ಗಂಟೆ ಸಿಹಿನೀರಿನಲ್ಲಿ ನೆನೆಹಾಕಿ, ನೆರಳಿನಲ್ಲಿ ಆರಿಸಿ. ಬಿಸಿಲಿಗೆ ನೈಲಾನ್ ಬಡವಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮೂರ ಥಂಡಿಗೆ ಚಪ್ಪಲಿಗೇ ಬೂಷ್ಟು ಹಿಡಿಯುವಾಗ, ರೇಷ್ಮೆ ಲೀಡರ್ ತರಿಸುವ ಯೋಚನೆ ಬಿಟ್ಟುಬಿಡಿ.

ಆನ್‌ಲೈನಿನಲ್ಲಿ ತರಿಸುವಾಗ ಮೂರು ವಿಷಯ ಕೇಳಿ: ಯಾವ ದಾರ, ಎಷ್ಟು ವೇಟಿನ ಲೈನಿಗೆ, ತುದಿ ಎಷ್ಟು ಪೌಂಡ್ ತಡೆಯುತ್ತದೆ. ಮೂರನೆಯದಕ್ಕೆ ಉತ್ತರ ಸಿಗದಿದ್ದರೆ ಬೇರೆ ಕಡೆ ನೋಡಿ.